ಅಂಗಿ ಹಿಡಿ

ಬೆಳಗಿನ ಜಾವ ನಾಲ್ಕು ನಲವತ್ತು. ರುವೈಸ್.
ಅರ್ಧ ನಿದ್ದೆಯನ್ನು ಬಸ್ಸಿನ ಸೀಟಿನಲ್ಲೇ ಬಿಟ್ಟು
ಮೂವತ್ತೆಂಟು ಮಂದಿ ಫ್ಲಡ್‌ಲೈಟಿನ ಕೆಳಗೆ ಸಾಲು ನಿಲ್ಲುತ್ತೇವೆ.
ವಗ್ದಿ ಸಾಹೇಬರು ಖಾಲಿ ಡ್ರಮ್ಮಿನ ಪಕ್ಕ ನಿಂತು
ಕಾಗದ ಬಿಚ್ಚುತ್ತಾರೆ: ಇವತ್ತಿನ ಉಪನ್ಯಾಸ.

ಅವರ ಇಂಗ್ಲಿಷಿಗೆ ನೈಲ್ ನದಿಯ ಮಣ್ಣು ಮೆತ್ತಿದೆ,
ನನ್ನ ಹಿಂದಿಗೆ ಗಂಗೊಳ್ಳಿಯ ಒಣಮೀನು.
ಅವರು ಹತ್ತು ನಿಮಿಷ ಹೇಳಿದ್ದನ್ನು
ನಾನು ಎರಡು ನಿಮಿಷಕ್ಕೆ ಇಳಿಸುತ್ತೇನೆ,
ಮೊದಲು ಎಲ್ಲರಿಗೂ ಹಿಂದಿಯಲ್ಲಿ,
ಆಮೇಲೆ ಹಿಂದಿನ ಸಾಲಿನ ಐವರಿಗೆ ಕನ್ನಡದಲ್ಲಿ.
ಬೇಸಿಗೆಯ ಇಡೀ ಪಾಠವನ್ನು ಒಮ್ಮೆ
'ನೀರು ಕುಡೀರಿ, ಉಚ್ಚೆ ಹಳದಿಯಾದರೆ ಇನ್ನೂ ಕುಡೀರಿ'
ಎಂದು ಮುಗಿಸಿಬಿಟ್ಟಿದ್ದೆ.
ಸಾಹೇಬರು ಗಡಿಯಾರ ನೋಡಿ, ಇಷ್ಟೇನಾ? ಎಂದರು.
ಇಷ್ಟೇ ಸಾರ್, ನಮ್ಮ ಭಾಷೆ ಚಿಕ್ಕದು.

ಚಿಕ್ಕದೇನಲ್ಲ. ನನಗೆ ಹಸಿವಾಗಿತ್ತು.

ಅವತ್ತು ವಿಷಯ ಗ್ಯಾಸು.
ಕಣ್ಣಿಗೆ ಕಾಣದ್ದು, ಗಾಳಿಗಿಂತ ಭಾರದ್ದು,
ಗುಂಡಿಯ ತಳದಲ್ಲಿ ಕೂತು ಕಾಯುವಂಥದ್ದು.
ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡಿ, ಎಂದೆ.
ಹುನಗುಂದದ ಶಿವಬಸಪ್ಪ ಕೈ ಎತ್ತಿದ:
'ಅಣ್ಣಾ, ನಾ ತತ್ತಿ ಮುಟ್ಟಾಂವಲ್ಲ, ಮೂಸಾಂವಲ್ಲ.
ನನಗ ಹೆಂಗ ಗೊತ್ತಾಗಬೇಕು?'
ಸಾಲೆಲ್ಲ ನಕ್ಕಿತು. ನಗದವರಿಗೂ ಎಚ್ಚರವಾಯಿತು.
ಗಟಾರ ಕೆದಕಿದ ವಾಸನೆ ಮಾರಾಯ, ಅಂದೆ.
ಅದು ಎಲ್ಲರಿಗೂ ಗೊತ್ತಿತ್ತು; ಕ್ಯಾಂಪಿನ ಹಿಂದೆಯೇ ಹರಿಯುತ್ತಿತ್ತು.

ಆಮೇಲೆ ಸಾಹೇಬರು ಹೇಳಿದ್ದು:
ವಾಸನೆ ನಿಂತರೆ ಗ್ಯಾಸು ಹೋಯಿತು ಅಂತಲ್ಲ,
ನಿಮ್ಮ ಮೂಗು ಸತ್ತಿತು ಅಂತ.
ಇದನ್ನು ನಾನು ಚುಟುಕು ಮಾಡಲಿಲ್ಲ.
ಕಂಬದ ಮೇಲಿನ ಗಾಳಿಚೀಲ ತೋರಿಸಿದೆ:
ಗಾಳಿಗೆ ಅಡ್ಡ ಓಡಿ, ಆಮೇಲೆ ಗಾಳಿ ಬರುವತ್ತ.

ಕೊನೆಯ ಸಾಲಿಗೆ ಬಂದಾಗ ನಾಲಿಗೆ ಏಳಲಿಲ್ಲ.
ಮಾಸ್ಕಿಲ್ಲದೆ, ಬಿದ್ದವನನ್ನು ಎತ್ತಲು ಹೋಗಬೇಡಿ.

ಇಂಗ್ಲಿಷಿನಲ್ಲಿ ಅದೊಂದು ಸೂಚನೆ.
ನಮ್ಮಲ್ಲಿ ಯಾವ ತಾಯಿಯೂ ಮಗನಿಗೆ
ಹೀಗೆ ಹೇಳಿ ಕಳಿಸಿದ್ದಿಲ್ಲ.
ಕಡಲಿಗೆ ಬಿದ್ದವನ ಹಿಂದೆ ಹಗ್ಗವಿಲ್ಲದೆ ಹಾರುವವರ ಊರು ನನ್ನದು;
ಒಮ್ಮೆ ಹಾರದೆ ನಿಂತವನೊಬ್ಬನ ಹೆಸರು
ಇವತ್ತಿಗೂ ಬಲೆ ಹೆಣೆಯುವಾಗ ಮಾತಿಗೆ ಬರುತ್ತದೆ.
ಆದರೂ ಹೇಳಿದೆ, ನನ್ನ ಬೂಟು ನೋಡುತ್ತ.

ಮತ್ತೆ ಶಿವಬಸಪ್ಪನೇ:
'ಬಿದ್ದಾಂವ ನನ್ನ ತಮ್ಮ ಆದರ?'
ತಮ್ಮ ಇದ್ದ, ಅದೇ ಸಾಲಿನಲ್ಲಿ,
ಹೆಲ್ಮೆಟ್ಟಿನ ಪಟ್ಟಿ ಕಚ್ಚುತ್ತ.

ಏನಂತೆ? ಎಂದರು ಸಾಹೇಬರು. ಹೇಳಿದೆ.
ಅವರು ಕಾಗದ ಮಡಚಿದರು. ಅದರಲ್ಲಿ ಇದಿರಲಿಲ್ಲ.
ಇಂಗ್ಲಿಷು ಬಿಟ್ಟು ಅರಬ್ಬಿಗಿಳಿದರು,
ಬಜಾರಿನ ಅರಬ್ಬಿಯಷ್ಟೇ ಬಲ್ಲ ನನಗೆ ಸಿಕ್ಕಿದ್ದು ಇಷ್ಟು:
ಮಿನ್ಯಾ ಕಡೆಯ ಹಳ್ಳಿ. ಹಳೇ ಬಾವಿ.
ಪಂಪು ನೋಡಲು ಚಿಕ್ಕಪ್ಪ ಇಳಿದ.
ಚಿಕ್ಕಪ್ಪನನ್ನು ತರಲು ದೊಡ್ಡಣ್ಣ.
ದೊಡ್ಡಣ್ಣನನ್ನು ತರಲು ಸಣ್ಣಣ್ಣ.
ನಾಲ್ಕನೆಯವನು, ಎಂದು ತಮ್ಮ ಎದೆ ಮುಟ್ಟಿಕೊಂಡರು.
ಆಮೇಲೆ ಬೆನ್ನ ಹಿಂದೆ ಕೈ ಹಾಕಿ
ತಮ್ಮದೇ ಅಂಗಿಯನ್ನು ಮುಷ್ಟಿಯಲ್ಲಿ ಜಗ್ಗಿ ತೋರಿಸಿದರು:
ಅಜ್ಜಿ.
ಅಂಗಿ ಹರಿಯಿತಂತೆ. ಆಗ ಕೂದಲು ಹಿಡಿದಳಂತೆ.

ನಾನು ಭಾಷಾಂತರ ಮಾಡಲಿಲ್ಲ. ಯಾರೂ ಕೇಳಲಿಲ್ಲ.

ರಿಜಿಸ್ಟರು ಕೈಯಿಂದ ಕೈಗೆ ಹೋಯಿತು,
ಬೆವರಿಗೆ ಪೆನ್ನು ಜಾರುತ್ತ, ಆರು ಹೆಬ್ಬೆಟ್ಟು.
ವಿಷಯ: ಗ್ಯಾಸು. ಅವಧಿ: ಹತ್ತು ನಿಮಿಷ.
ಏಳಕ್ಕೆ ಸೂರ್ಯ ಪೈಪುಗಳನ್ನು ಸುಡಲು ಶುರುಮಾಡಿದ.

ಆಮೇಲೆ ಕ್ಯಾಂಪಿನಲ್ಲಿ ಅದೊಂದು ಮಾತಾಗಿಹೋಯಿತು.
ಬಡ್ಡಿ ಏಜೆಂಟನ ಹತ್ತಿರ ಹೊರಟ ನರ್ಸಯ್ಯನನ್ನು ಕಂಡು
ದಿಲ್‌ಬಹಾದುರ್ ಕೂಗುತ್ತಾನೆ, ಕನ್ನಡದಲ್ಲೇ: ಅಂಗಿ ಹಿಡಿ!

ಆ ರಾತ್ರಿ ಮೆಟ್ಟಿಲ ಮೇಲೆ
ಶಿವಬಸಪ್ಪ ಊರಿಗೆ ಫೋನು ಮಾಡುತ್ತಿದ್ದ.
'ಗೋಬರ್ ಗ್ಯಾಸಿನ ಗುಂಡ್ಯಾಗ ಯಾರರ ಬಿದ್ದರ
ಹಿಂದಿಂದ ಇಳಿಯಾಕ ಬಿಡಬ್ಯಾಡ್ರಿ.
ಇಳಿಯಾಂವನ ಅಂಗಿ ಹಿಡಕೋರಿ. ಹೌದು, ಗಟ್ಯಾಗಿ.'
ಆ ಕಡೆಯಿಂದ ಏನೋ ಕೇಳಿದರು.
ಸ್ವಲ್ಪ ಹೊತ್ತು ತಡೆದು ಅಂದ:
'ಯಾರು ಹೇಳಿದ್ರು ಅಂದ್ರ...
ಒಬ್ಬಾಕಿ ಮುದುಕಿ. ನಿಮಗ ಗೊತ್ತಿಲ್ಲ.'